ಪ್ರಶ್ನೆ ಕೇಳುವ ಸರದಿ ಮಕ್ಕಳದು

ನಮ್ಮ ಶಾಲೆಗಳಲ್ಲಿ ಪಾಠ ಮುಗಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಕೇಳುವವರು ಯಾವಾಗಲೂ ಒಬ್ಬರೇ: ಅಕ್ಕೋರು, ಇಲ್ಲವೇ ಸರ್. ಉತ್ತರಕ್ಕೆ ಏಳುವ ಕೈಗಳೂ ಹೆಚ್ಚುಕಡಿಮೆ ಗೊತ್ತಿದ್ದವೇ, ಮುಂದಿನ ಸಾಲಿನ ಮೂರ್ನಾಲ್ಕು. ಹಿಂದೆ ಗೋಡೆಗೆ ಆತು ಕೂತ ಹುಡುಗಿ ಆ ಕಥೆಯನ್ನು ಎಲ್ಲರಿಗಿಂತ ಆಳವಾಗಿ ಓದಿಕೊಂಡಿರಬಹುದು. ಅದು ಯಾರಿಗೂ ತಿಳಿಯುವ ಮೊದಲೇ ಗಂಟೆ ಹೊಡೆಯುತ್ತದೆ.

ಇಳಕಲ್ಲ ಸೀಮೆಯ ಗುಡೂರಿನಂಥ ಊರಿನಲ್ಲಿ ಇಂಥ ಮಕ್ಕಳು ಮನೆಯಲ್ಲಿ ಸುಮ್ಮನಿರುವವರಲ್ಲ. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತ, ಹೊಲದಲ್ಲಿ ಶೇಂಗಾ ಬಿಡಿಸುತ್ತ ಹಿರಿಯರ ಜೊತೆ ಸರಿಸಮ ಮಾತಾಡುತ್ತಾರೆ, ವಾದಿಸುತ್ತಾರೆ. ಶಾಲೆಯಲ್ಲಿ ಮಾತ್ರ ಬಾಯಿ ಕಟ್ಟುತ್ತದೆ. ಅದನ್ನು ಬಿಚ್ಚಿಸಲು ನನಗೆ ತಿಳಿದ ಸುಲಭದ ದಾರಿ, ಒಂದು ಮಕ್ಕಳ ಕಾದಂಬರಿಯನ್ನು ತರಗತಿಗೆ ತಂದು, ಐದೈದು ಮಕ್ಕಳ ಗುಂಪು ಮಾಡಿ, ಒಬ್ಬೊಬ್ಬರಿಗೂ ಒಂದು ಪಾತ್ರ ಕೊಡುವುದು. ಕಥೆಯೊಳಗಿನ ಪಾತ್ರವಲ್ಲ, ಚರ್ಚೆಯ ಪಾತ್ರ. ಒಬ್ಬ ಪ್ರಶ್ನೆ ಹಾಕುವವ. ಒಬ್ಬಳು ನಡೆದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುವವಳು. ಒಬ್ಬ ತೊಡಕಿನ, ಚಂದದ ಮಾತುಗಳನ್ನು ಆರಿಸಿ ತರುವವ. ಮತ್ತೊಬ್ಬಳು ಚಿತ್ರ ಬರೆಯುವವಳು. ಇನ್ನೊಬ್ಬ ಕಥೆಗೂ ನಮ್ಮ ಊರಿಗೂ ಇರುವ ನಂಟು ಹುಡುಕುವವ. ಮುಂದಿನ ವಾರ ಪಾತ್ರ ಅದಲು ಬದಲು.

ಈ ಕ್ರಮವನ್ನು ಜಗತ್ತಿನ ಶಾಲೆಗಳಿಗೆ ಪರಿಚಯಿಸಿದವರಲ್ಲಿ ಅಮೆರಿಕದ ಹಾರ್ವೆ ಡೇನಿಯಲ್ಸ್ ಮುಖ್ಯರು. ಅವರ ಪುಸ್ತಕ 1994ರಲ್ಲಿ ಬಂತು. ಅದಕ್ಕೂ ಹತ್ತು ವರ್ಷ ಮೊದಲೇ, 1984ರಲ್ಲಿ, ಪಾಲಿಂಕ್ಸಾರ್ ಮತ್ತು ಬ್ರೌನ್ ಎಂಬ ಇಬ್ಬರು ಸಂಶೋಧಕಿಯರು ಮುಂದೇನಾಗಬಹುದೆಂದು ಊಹಿಸುವುದು, ಪ್ರಶ್ನಿಸುವುದು, ತೊಡಕು ಬಿಡಿಸುವುದು, ಸಾರ ಹೇಳುವುದು ಎಂಬ ನಾಲ್ಕು ಕೆಲಸಗಳನ್ನು ಮಕ್ಕಳೇ ಸರದಿಯಲ್ಲಿ ಮಾಡಿದರೆ ಓದಿದ್ದು ಹೆಚ್ಚು ಅರ್ಥವಾಗುತ್ತದೆ ಎಂದು ತೋರಿಸಿದ್ದರು.

ಆದರೆ ನಮ್ಮ ಕಡೆಯವರಿಗೆ ಇದು ಪೂರ್ತಿ ಹೊಸದೇನಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ದೊಡ್ಡಾಟದಲ್ಲಿ ರಂಗಕ್ಕೆ ಬಂದ ರಾಜನನ್ನು ಸಾರಥಿ ಬಿಡುವುದಿಲ್ಲ. ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳಿ ಕೇಳಿ ಕಥೆ ಹೊರಡಿಸುತ್ತಾನೆ. ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನೊಡನೆ ಮಾತಿಗೆ ಮಾತು ಬೆಳೆಯುತ್ತ ಹೋದಂತೆ ಸತ್ಯಭಾಮೆಯ ಬಿಂಕ, ಸಿಟ್ಟು, ಸಂಕಟ ಎಲ್ಲ ಹೊರಗೆ ಬರುತ್ತವೆ. ಕೇಳುವವನಿದ್ದರೆ ಕಥೆ ಬಿಚ್ಚಿಕೊಳ್ಳುತ್ತದೆ ಎಂಬುದು ಈ ನೆಲದ ಅಜ್ಜಂದಿರಿಗೆ ಗೊತ್ತಿತ್ತು. ಆ ಸಾರಥಿಯ ಕೆಲಸವನ್ನೇ ಆರನೆಯ ತರಗತಿಯ ಮಗುವಿಗೆ ಒಪ್ಪಿಸಿ ಎನ್ನುವುದಷ್ಟೇ ನನ್ನ ಬೇಡಿಕೆ.

ಯಾವ ಪುಸ್ತಕ? ಮೊದಲಿಗೆ ‘ತೊತ್ತೋಚಾನ್’ ಒಳ್ಳೆಯದು. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ ಈ ಪುಸ್ತಕ 1981ರಲ್ಲಿ ಬಂತು. ಕನ್ನಡ ಅನುವಾದವನ್ನು ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದೆ. ನಡೆದ ಕಥೆಯಾದರೂ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ತುಂಟಿ ಎಂದು ಮೊದಲ ಶಾಲೆ ಹೊರಗೆ ಹಾಕಿದ ಹುಡುಗಿಯ ಮಾತನ್ನು ಹೊಸ ಶಾಲೆಯ ಮುಖ್ಯಗುರು ಕೊಬಾಯಾಶಿ ನಾಲ್ಕು ತಾಸು ಕೂತು ಕೇಳುತ್ತಾರೆ. ಅಲ್ಲಿನ ತರಗತಿಗಳು ನಡೆಯುವುದು ಹಳೆಯ ರೈಲು ಡಬ್ಬಿಗಳಲ್ಲಿ.

ಅದರೊಳಗೊಂದು ಪ್ರಸಂಗ. ಹುಡುಗಿಯ ಪರ್ಸು ಪಾಯಖಾನೆಯ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಕೆಯ ಸೌಟು ತಂದು ಗುಂಡಿಯೊಳಗಿನದನ್ನೆಲ್ಲ ಎತ್ತಿ ಹೊರಗೆ ಗುಡ್ಡೆ ಹಾಕತೊಡಗುತ್ತಾಳೆ. ಆ ದಾರಿಯಲ್ಲಿ ಬಂದ ಮುಖ್ಯಗುರು ಬೈಯುವುದಿಲ್ಲ, ನೆರವಿಗೂ ನಿಲ್ಲುವುದಿಲ್ಲ. ಮುಗಿದ ಮೇಲೆ ಎಲ್ಲವನ್ನೂ ಮೊದಲಿದ್ದಂತೆ ಒಳಗೆ ಹಾಕಬೇಕು ಎಂದಷ್ಟೇ ಹೇಳಿ ಹೋಗುತ್ತಾರೆ. ಗೈಡು ಪುಸ್ತಕದ ರೂಢಿಯಲ್ಲಾದರೆ ಇಲ್ಲಿ ಹುಟ್ಟುವ ಪ್ರಶ್ನೆ ಒಂದೇ: ತೊತ್ತೋಚಾನಳ ಪರ್ಸು ಎಲ್ಲಿ ಬಿದ್ದಿತು? ಮಕ್ಕಳ ಕೈಗೆ ಪ್ರಶ್ನೆ ಕೊಟ್ಟಾಗ ಬೇರೆಯೇ ದಾರಿ ತೆರೆಯುತ್ತದೆ. ‘ಸರ್ ಯಾಕ ಬೈಲಿಲ್ಲ?’ ‘ನಮ್ಮ ಅವ್ವ ಆಗಿದ್ರ ಏನ್ ಮಾಡ್ತಿದ್ಲು?’ ‘ಪರ್ಸು ಸಿಗದಿದ್ರೂ ಆಕಿಗೆ ಯಾಕ ಬ್ಯಾಸರ ಆಗಲಿಲ್ಲ?’ ಇಂಥ ಪ್ರಶ್ನೆಗೆ ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರವಿಲ್ಲ. ಆದ್ದರಿಂದಲೇ ಐದೂ ಮಂದಿ ಮಾತಾಡಬೇಕಾಗುತ್ತದೆ.

ಆ ಶಾಲೆಯ ಮಕ್ಕಳ ಬುತ್ತಿಯಲ್ಲಿ ಕಡಲಿನದೊಂದು, ಗುಡ್ಡದ್ದೊಂದು ಪದಾರ್ಥ ಇರಬೇಕೆಂಬ ನಿಯಮವೂ ಪುಸ್ತಕದಲ್ಲಿದೆ. ನಂಟು ಹುಡುಕುವ ಮಗುವಿಗೆ ಇದು ಹಬ್ಬ. ಕಡಲು ಕಾಣದ ಸೀಮೆಯಲ್ಲಿ ನಮ್ಮ ನಿಯಮ ಏನಿರಬೇಕು? ಕರಿನೆಲದ್ದೊಂದು, ಮಸಾರಿಯದೊಂದು? ಜೋಳದ ರೊಟ್ಟಿ ಯಾವುದರ ಲೆಕ್ಕಕ್ಕೆ, ಶೇಂಗಾ ಹಿಂಡಿ ಯಾವುದರ ಲೆಕ್ಕಕ್ಕೆ? ಈ ವಾದ ತೀರಬೇಕಾದರೆ ಮಗು ಮನೆಗೆ ಹೋಗಿ ಅಜ್ಜನನ್ನು ಕೇಳಲೇಬೇಕು.

ಎರಡನೆಯ ಪುಸ್ತಕವಾಗಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಯನ್ನು ಒತ್ತಿ ಹೇಳುತ್ತೇನೆ. ಅದಕ್ಕೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಸಾಗರದ ಡಿಸೋಜ ಶರಾವತಿ ಕಣಿವೆಯ ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದವರು. 2025ರ ಜನವರಿಯಲ್ಲಿ ತೀರಿಕೊಂಡರು. ಬಾಗಲಕೋಟೆ ಜಿಲ್ಲೆಯ ಮಕ್ಕಳಿಗೆ ಮುಳುಗಡೆ ದೂರದ ಸಂಗತಿಯೇ? ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಬಹಳಷ್ಟು ಭಾಗವನ್ನು ನುಂಗಿ ನವನಗರ ಎದ್ದದ್ದು ಇವರ ತಂದೆತಾಯಿಯರ ಕಾಲದಲ್ಲೇ. ಗುಡೂರಿನ ಎಷ್ಟೋ ಮನೆಗಳಿಗೆ ಆ ಕಡೆ ಬೀಗರಿದ್ದಾರೆ. ಇಲ್ಲಿ ನಂಟು ಹುಡುಕುವ ಕೆಲಸ ಒಂದು ಮಗುವಿನದಾಗಿ ಉಳಿಯುವುದಿಲ್ಲ. ಪರಿಹಾರದ ದುಡ್ಡು ಏನಾಯಿತು, ದೇವರನ್ನು ಎಲ್ಲಿಗೆ ಒಯ್ದರು, ಯಾರ ನೆರೆ ಯಾರಿಗೆ ತಪ್ಪಿತು ಎಂದು ಇಡೀ ಗುಂಪೇ ಕೇಳಿಕೊಂಡು ಬರಬಹುದು.

ಒಂದು ಅಪಾಯವನ್ನು ಮುಚ್ಚಿಡಬಾರದು. ಪಾತ್ರ ಹಂಚಿದ ಮೇಲೆ ಮಕ್ಕಳು ತಮ್ಮ ತಮ್ಮ ಹಾಳೆಯನ್ನು ಒಬ್ಬರ ನಂತರ ಒಬ್ಬರು ಓದಿ ಕೂತುಬಿಡುತ್ತಾರೆ. ಅದು ಹಾಜರಿ ಕರೆದಂತಾಗುತ್ತದೆ, ಚರ್ಚೆಯಾಗುವುದಿಲ್ಲ. ಡೇನಿಯಲ್ಸ್ ಇದನ್ನು ಕಂಡು, 2002ರ ಪರಿಷ್ಕೃತ ಆವೃತ್ತಿಯಲ್ಲಿ ಪಾತ್ರದ ಹಾಳೆಗಳಿಗೆ ಜೋತುಬೀಳಬೇಡಿ ಎಂದು ಶಿಕ್ಷಕರನ್ನು ಎಚ್ಚರಿಸಿದರು. ತಾವೇ ಬೆಳೆಸಿದ್ದನ್ನು ಹೀಗೆ ತಿದ್ದಿಕೊಳ್ಳುವುದು ದೊಡ್ಡ ಗುಣ. ನಾವೂ ಅಷ್ಟೇ, ಮಕ್ಕಳಿಗೆ ಮಾತು ರೂಢಿಯಾದೊಡನೆ ಪಾತ್ರಗಳನ್ನು ಕೈಬಿಡಬೇಕು. ಅಲ್ಲಿಯವರೆಗೆ ಒಂದು ಕಟ್ಟಳೆ ಸಾಕು: ತನ್ನ ಹಾಳೆ ಓದಿದವರು ಪಕ್ಕದವರನ್ನು ಏನಾದರೂ ಕೇಳಿಯೇ ಮಾತು ಮುಗಿಸಬೇಕು. ಗುರುಗಳಿಗೂ ಒಂದು ಕಟ್ಟಳೆ ಇದೆ, ಇದೇ ಹೆಚ್ಚು ಕಷ್ಟದ್ದು. ಗುಂಪಿನ ಬಳಿ ಕೂತರೂ ಉತ್ತರ ಹೇಳಬಾರದು.

ಗುಂಪಿನಲ್ಲಿ ಕಲಿಯುವುದು ನಮ್ಮ ಸರಕಾರಿ ಶಾಲೆಯ ಮಕ್ಕಳಿಗೆ ಬಾರದ ವಿದ್ಯೆಯಲ್ಲ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ಅವರು ಗುಂಪುಗಳಲ್ಲೇ ಕೂತು, ಗೆಳೆಯರ ನೆರವಿನಿಂದ ಕಲಿತಿರುತ್ತಾರೆ. ನಾಲ್ಕನೆಯ ತರಗತಿಗೆ ಬಂದೊಡನೆ ಸಾಲಾಗಿ ಕೂರಿಸಿ ಆ ಬಳಕೆಯನ್ನು ಮರೆಸುತ್ತೇವೆ. ಕಾದಂಬರಿಯ ನೆಪದಲ್ಲಿ ಅದನ್ನು ಮರಳಿ ತರಬಹುದು. ಅಂಕ ಬೇಕೆನ್ನುವವರು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಬರೆದುಕೊಳ್ಳಲಿ.

ಪ್ರತಿಗಳ ಕೊರತೆ ನಿಜವಾದ ತೊಂದರೆ. ಮೂವತ್ತು ಮಕ್ಕಳಿಗೆ ಮೂವತ್ತು ಪುಸ್ತಕ ಯಾವ ಹಳ್ಳಿಯ ಶಾಲೆಯಲ್ಲೂ ಸಿಗಲಿಕ್ಕಿಲ್ಲ. ಗುಂಪಿಗೊಂದು ಪ್ರತಿ ಇದ್ದರೆ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಬಹುದು. ಒಂದೇ ಪ್ರತಿ ಇದ್ದರೆ ಅಕ್ಕೋರೇ ಓದಲಿ, ಪುರಾಣ ಕೇಳಿ ಬೆಳೆದ ಊರಿನಲ್ಲಿ ಅದಕ್ಕೇನು ಕೊರತೆ? ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳು 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಯೋಜನೆಯಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಿವೆ. ಅವು ಒಂದೊಂದು ಪ್ರತಿಯಂತೆ ಐವತ್ತು ಪುಸ್ತಕ ಕೊಳ್ಳುವ ಬದಲು ಒಂದೇ ಕಾದಂಬರಿಯ ಆರು ಪ್ರತಿ ತರಿಸಿಟ್ಟು ಶಾಲೆಗೆ ಎರವಲು ಕೊಡಲಿ. ಆರಿಸಿಕೊಳ್ಳಲು ಪುಸ್ತಕಗಳಿವೆ: ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ 2021ರಿಂದ 2023ರವರೆಗೆ ಸಾಲಾಗಿ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕನ್ನಡ ಕೃತಿಗಳು. ಗುಡೂರಿನಲ್ಲಿ ಓದಿ ಮುಗಿದ ಕಟ್ಟು ಮುಂದಿನ ತಿಂಗಳು ಅಮೀನಗಡಕ್ಕೋ ಸೂಳೇಭಾವಿಗೋ ಹೋಗಲಿ, ಅಲ್ಲಿನದು ಇಲ್ಲಿಗೆ ಬರಲಿ. ಹಿಂದಿನ ಊರಿನ ಮಕ್ಕಳು ಕೇಳಿಕೊಂಡ ಪ್ರಶ್ನೆಗಳ ಹಾಳೆಯೂ ಆ ಕಟ್ಟಿನ ಜೊತೆಗಿರಲಿ.