ಕೆಸರಿನ ಹಲಗೆಗೆ ಅಕ್ರೋಟಿನ ಹೊದಿಕೆ

ಟ್ರಯಂಫ್ ಟಿಆರ್6 ಕಾರಿನ ಡ್ಯಾಶ್‌ಬೋರ್ಡನ್ನು ಮೊದಲ ಸಲ ಬಿಚ್ಚಿ ಮೇಜಿನ ಮೇಲೆ ಮಗುಚಿ ಹಾಕಿದವರಿಗೆ ಸಣ್ಣದೊಂದು ಆಶಾಭಂಗ ಕಾದಿರುತ್ತದೆ. ಇಷ್ಟು ವರ್ಷ ಅಕ್ರೋಟು ಮರ ಅಂದುಕೊಂಡಿದ್ದು ಬರೀ ಪ್ಲೈವುಡ್! ಅಕ್ರೋಟು ಇರುವುದು ಮುಖದ ಮೇಲೆ ಮಾತ್ರ, ಒಂದು ಮಿಲಿಮೀಟರಿಗಿಂತ ತೆಳುವಾದ ಪದರವಾಗಿ. ಬೆಳ್ಳಿ ಬಳೆಗೆ ಚಿನ್ನದ ನೀರು ಹಾಯಿಸಿದ ಹಾಗೆ.

ಆದರೆ ಈ ಹಲಗೆಗೆ ಮೊದಲಿನಿಂದಲೂ ಅಂಥ ಕುಲಗೌರವವೇನೂ ಇರಲಿಲ್ಲ. ಹುಟ್ಟಿದ್ದೇ ಕೆಸರಿಗೆ ಎದೆಯೊಡ್ಡುವುದಕ್ಕೆ. ಕುದುರೆ ಓಡುವಾಗ ಗೊರಸಿನಿಂದ ಚಿಮ್ಮುವ ರಾಡಿ ಸಾರೋಟು ಹೊಡೆಯುವವನ ಮೈಗೆ ಸಿಡಿಯದಿರಲೆಂದು ಅವನ ಕಾಲಿನ ಮುಂದೆ ಒಂದು ಹಲಗೆ ನಿಲ್ಲಿಸುತ್ತಿದ್ದರು. ಇಂಗ್ಲಿಷಿನಲ್ಲಿ ‘ಡ್ಯಾಶ್’ ಎಂದರೆ ಹೀಗೆ ಅಪ್ಪಳಿಸುವುದು, ಸಿಡಿಯುವುದು. ಕುದುರೆ ಹೋಗಿ ಎಂಜಿನ್ ಬಂದ ಮೇಲೂ ಹಲಗೆ ಹೋಗಲಿಲ್ಲ. 1901ರಿಂದ ಅಮೆರಿಕದಲ್ಲಿ ಮಾರಾಟವಾದ ಓಲ್ಡ್ಸ್‌ಮೊಬಿಲ್ ಕಾರಿಗಂತೂ ‘ಕರ್ವ್ಡ್ ಡ್ಯಾಶ್’ ಎಂದೇ ಹೆಸರು. ಅದರ ಎಂಜಿನ್ ಇದ್ದದ್ದು ಸೀಟಿನ ಕೆಳಗೆ. ಮುಂದೆ ಕುದುರೆಯೂ ಇಲ್ಲ, ಎಂಜಿನ್ನೂ ಇಲ್ಲ. ಆದರೂ ಹಲಗೆ ಮಾತ್ರ ಗತ್ತಿನಿಂದ ಸುರುಳಿ ಬಾಗಿ ನಿಂತಿತ್ತು!

ಎಂಜಿನ್ ಮುಂದಕ್ಕೆ ಬಂದ ಮೇಲೆ ಅದು ಚಾಲಕನ ಕಾಲಿಗೂ ಯಂತ್ರಕ್ಕೂ ನಡುವಿನ ಗೋಡೆಯಾಯಿತು. ಗೋಡೆ ಇದ್ದಲ್ಲಿ ಮೊಳೆ ಹೊಡೆಯುವವರು ಇದ್ದೇ ಇರುತ್ತಾರೆ. ಎಣ್ಣೆ ತೊಟ್ಟಿಕ್ಕಿಸುವ ಬಟ್ಟಲು ಬಂತು, ಸ್ವಿಚ್ಚು ಬಂತು, ವೇಗಮಾಪಕ ಬಂತು. 1902ರಲ್ಲಿ ಓಟ್ಟೊ ಶುಲ್ಸೆ ಹಕ್ಕುಪತ್ರ ಪಡೆದ ವೇಗಮಾಪಕದ ಉಪಾಯ ಈಗಲೂ ಬೆರಗು ಹುಟ್ಟಿಸುತ್ತದೆ. ಕೇಬಲ್ಲಿನ ತುದಿಯಲ್ಲಿ ತಿರುಗುವ ಅಯಸ್ಕಾಂತ, ಅದಕ್ಕೆ ಎಲ್ಲೂ ತಾಗದ ಲೋಹದ ಬಟ್ಟಲು. ಅಯಸ್ಕಾಂತ ಬಟ್ಟಲನ್ನು ಸೆಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ತಡೆಯುತ್ತದೆ. ಆ ಜಗ್ಗಾಟದಲ್ಲಿ ಮುಳ್ಳು ಎಲ್ಲಿ ನಿಂತೀತೋ ಅದೇ ವೇಗ. ಬ್ರಿಟಿಷ್ ಕಾರುಗಳಿಗೆ ಮಾಪಕ ಒದಗಿಸಿದ ಸ್ಮಿತ್ಸ್ ಕಂಪನಿ ಮೂಲತಃ ಲಂಡನ್ನಿನ ಗಡಿಯಾರದ ಅಂಗಡಿ. ದುಂಡು ಮುಖ, ಹೊಳೆಯುವ ಬಳೆ, ತೆಳು ಮುಳ್ಳು: ಹಳೆಯ ಸ್ಪೋರ್ಟ್ಸ್ ಕಾರಿನ ಮಾಪಕಗಳು ಕೈಗಡಿಯಾರದಂತೆ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಮರದ ಮುಖಕ್ಕೂ ಸ್ಪೋರ್ಟ್ಸ್ ಕಾರಿಗೂ ಜನ್ಮಾಂತರದ ನಂಟು ಎಂಬ ಭ್ರಮೆ ಅನೇಕರಿಗಿದೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪಿನ ನಡುಫಲಕ ಅಚ್ಚೊತ್ತಿದ ಅಲ್ಯೂಮಿನಿಯಮ್. ಅಕ್ರೋಟನ್ನು ಆ ಕಂಪನಿ ತನ್ನ ಮಾರ್ಕ್ 2 ಸಲೂನಿನಲ್ಲಿ ಕೂರುವ ಗೃಹಸ್ಥರಿಗೆ ಮೀಸಲಿಟ್ಟಿತ್ತು. 1962ರ ಎಂಜಿಬಿಯದು ಸುಕ್ಕು ಬಣ್ಣದ ಕರಿ ಉಕ್ಕು. ಟ್ರಯಂಫ್ ಕೂಡ ಟಿಆರ್4ಕ್ಕೆ ಮೊದಲು ಕೊಟ್ಟದ್ದು ಬಣ್ಣ ಬಳಿದ ಲೋಹವನ್ನೇ. 1965ರ ಟಿಆರ್4ಎ ಹೊತ್ತಿಗೆ ಗಿರಾಕಿಗೆ ವೇಗದ ಜೊತೆ ಮನೆಯ ಪಡಸಾಲೆಯ ಸೊಗಸೂ ಬೇಕೆನಿಸಿ ಮರ ಬಂತು. ಅದೇ ಮನೆಯ ಸ್ಪಿಟ್‌ಫೈರ್ ನಮಗೂ ದೂರದ ನೆಂಟ. ಮದರಾಸಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲೂ ಓಡಿದ ಸ್ಟ್ಯಾಂಡರ್ಡ್ ಹೆರಾಲ್ಡಿನ ಚಾಸಿಯನ್ನೇ ಮೋಟು ಮಾಡಿ ಅದನ್ನು ಕಟ್ಟಿದ್ದು.

ಅಷ್ಟರಲ್ಲಿ ಅಮೆರಿಕದಿಂದ ಬಿರುಗಾಳಿ ಎದ್ದಿತು. ಡಿಕ್ಕಿಯಾದಾಗ ಜನರನ್ನು ಗಾಯಗೊಳಿಸುವುದು ಕಾರಿನೊಳಗಿನ ಗುಬುಟು, ಅಂಚುಗಳೇ ಎಂದು ರಾಲ್ಫ್ ನೇಡರ್ 1965ರ ಪುಸ್ತಕದಲ್ಲಿ ವಾದಿಸಿದರು. ಮರುವರ್ಷವೇ ಕಾನೂನು ಬಂತು, 1968ರ ಜನವರಿಯಿಂದ ಸುರಕ್ಷತಾ ನಿಯಮಗಳು ಜಾರಿಯಾದವು. ಅಮೆರಿಕಕ್ಕೆ ಹೋಗುವ ಎಂಜಿಬಿಗೆ ಉಬ್ಬಿದ ಮೆತ್ತೆ ಅಂಟಿಸಿದರು. ಕಾರು ತಯಾರಾಗುತ್ತಿದ್ದ ಊರಿನ ಹೆಸರು ಸೇರಿಸಿ ಅಭಿಮಾನಿಗಳು ಅದನ್ನು ‘ಅಬಿಂಗ್ಡನ್ ದಿಂಬು’ ಎಂದು ಗೇಲಿ ಮಾಡಿದರು. ಇ-ಟೈಪಿನ ಚೂಪು ಸ್ವಿಚ್ಚುಗಳು ಚಪ್ಪಟೆಯಾದವು. ಗೇಲಿ ಮಾಡಿದವರ ಹಣೆ ಉಳಿದದ್ದು ಅದರಿಂದಲೇ ಇರಬಹುದು, ಯಾರು ಬಲ್ಲರು.

ಈ ಗಲಾಟೆಯ ನಡುವೆ, 1968ರ ಕೊನೆಗೆ ತಯಾರಿಕೆ ಶುರುವಾದ ಟಿಆರ್6 ಮರವನ್ನು ಬಿಡಲಿಲ್ಲ, ಆದರೆ ಹೊಳಪನ್ನು ಬಿಟ್ಟಿತು. ಕಾರ್ಖಾನೆಯ ಮೆರುಗು ಮಂದ, ಬಿಸಿಲು ಬಿದ್ದರೂ ಕಣ್ಣಿಗೆ ಚುಚ್ಚುವುದಿಲ್ಲ. ಮನೆಯಲ್ಲಿ ದುರಸ್ತಿಗೆ ಕೂತ ಬಹುತೇಕರು ಎಡವುವುದು ಇಲ್ಲೇ. ಪದರದ ಮೇಲೆ ಪದರ ವಾರ್ನಿಷ್ ಬಳಿದು ಕನ್ನಡಿ ಮಾಡಿಬಿಡುತ್ತಾರೆ. ಹೊಸದಾಗಿದ್ದಾಗಲೂ ಇಲ್ಲದ ಹೊಳಪು ಹಳೆಯದಕ್ಕೆ ಯಾಕೆ ಎಂದು ನನಗಂತೂ ಅರ್ಥವಾಗಿಲ್ಲ.

ಕೆಲಸ ಶುರುವಾಗುವುದು ಬ್ಯಾಟರಿಯ ತಂತಿ ಕಳಚುವುದರಿಂದ. ಎಣ್ಣೆ ಒತ್ತಡದ ಮಾಪಕಕ್ಕೆ ಬರುವ ಸಣ್ಣ ಕೊಳವೆಯಲ್ಲಿ ನಿಜವಾದ ಎಂಜಿನ್ ಎಣ್ಣೆಯೇ ಇರುತ್ತದೆ. ಕೆಳಗೆ ಬಟ್ಟೆ ಹಾಸದಿದ್ದರೆ ಕಾರ್ಪೆಟ್ಟಿನ ಕಥೆ ಮುಗಿಯಿತು. ತಂತಿಗಳ ಬಣ್ಣಕ್ಕೆ, ಬ್ರಿಟಿಷ್ ಕಾರುಗಳಿಗೆ ವಿದ್ಯುತ್ ಸಲಕರಣೆ ಒದಗಿಸುತ್ತಿದ್ದ ಲ್ಯೂಕಾಸ್ ಕಂಪನಿಯ ಕಾಲದ ವ್ಯಾಕರಣವಿದೆ: ಕಪ್ಪು ಅರ್ಥ್, ಕಂದು ಸದಾ ಜೀವಂತ, ಬಿಳಿ ಕೀಲಿ ತಿರುಗಿಸಿದಾಗ, ಹಸಿರು ಅದೇ ಆದರೆ ಫ್ಯೂಸ್ ದಾಟಿ ಬಂದದ್ದು. ಐದು ದಶಕದ ಧೂಳಿನಲ್ಲಿ ಕಂದಿಗೂ ನೇರಳೆಗೂ ವ್ಯತ್ಯಾಸ ಕಾಣುವುದಿಲ್ಲ. ಫೋಟೊ ತೆಗೆದು ಒಂದೊಂದಕ್ಕೂ ಚೀಟಿ ಕಟ್ಟಿದವನೇ ಜಾಣ.

ಹಳೆಯ ಪದರ ಕೀಳಲು ಒದ್ದೆ ಬಟ್ಟೆ, ಇಸ್ತ್ರಿಪೆಟ್ಟಿಗೆ, ಅಗಲ ಉಳಿ ಸಾಕು. ಟಾಪು ಸೋರಿ ನೀರು ಕುಡಿದ ಕೆಳ ಅಂಚು ಬಿಸ್ಕತ್ತಿನಂತೆ ಬಿರಿದಿದ್ದರೆ ಎಪಾಕ್ಸಿ ತುಂಬಿ ಬಿಗಿಯಬೇಕು. ಹೊಸ ಅಕ್ರೋಟಿನ ಹಾಳೆ ಹಪ್ಪಳದಂತೆ ಸೊಟ್ಟಗಿರುತ್ತದೆ. ಗ್ಲಿಸರಿನ್ ಬೆರೆಸಿದ ನೀರು ಚಿಮುಕಿಸಿ ಎರಡು ಹಲಗೆ ನಡುವೆ ಒತ್ತಿಟ್ಟರೆ ದಾರಿಗೆ ಬರುತ್ತದೆ. ಅಂಟಿಸಿ ಒಣಗಿದ ಮೇಲೆ ಮಾಪಕಗಳ ತೂತು ಕೊರೆಯುವ ಘಳಿಗೆ. ಎರಡು ದೊಡ್ಡವು, ನಾಲ್ಕು ಚಿಕ್ಕವು. ಮರದ ಎಳೆಗೆ ಎದುರಾಗಿ ಚಾಕು ಎಳೆದರೆ ಚೂರು ಕಿತ್ತು ಬರುತ್ತದೆ. ಅವಸರದವರು ಇಲ್ಲಿ ಎರಡನೆಯ ಹಾಳೆ ಕೊಳ್ಳುತ್ತಾರೆ.

ಎಲ್ಲ ಜೋಡಿಸಿದ ಮೇಲೂ ಪೆಟ್ರೋಲ್ ಮುಳ್ಳು ಮಿತಿ ಮೀರಿ ಏರಿ ಕೂತರೆ ಹೊಸ ಮಾಪಕ ಕೊಳ್ಳಲು ಓಡಬೇಕಿಲ್ಲ. ಹಿಂದೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ಡಬ್ಬಿ ಇದೆ, ಮಾಪಕಕ್ಕೆ ಸರಾಸರಿ 10 ವೋಲ್ಟ್ ಹಾಯಿಸುವುದು ಅದರ ಕೆಲಸ. ಅದಕ್ಕೆ ಅರ್ಥ್ ಸರಿಯಾಗಿ ಸಿಗದಿದ್ದರೆ ಬ್ಯಾಟರಿಯ ಪೂರ್ತಿ ವಿದ್ಯುತ್ತು ನುಗ್ಗುತ್ತದೆ. ತುಕ್ಕು ಉಜ್ಜಿ, ಸ್ಕ್ರೂ ಬಿಗಿದು, ಮತ್ತೆ ಕೀಲಿ ತಿರುಗಿಸಬೇಕು. ಮುಳ್ಳು ಥಟ್ಟನೆ ಜಿಗಿಯುವುದಿಲ್ಲ. ಮಾಪಕದೊಳಗಿನ ಎರಡು ಲೋಹದ ಪಟ್ಟಿ ಬಿಸಿಯೇರಿ ಬಾಗಬೇಕಲ್ಲ. ಒಂದೊಂದೇ ಕೂದಲೆಳೆಯಷ್ಟು ಮೇಲೇರುತ್ತಾ, ಅರ್ಧ ಟ್ಯಾಂಕಿನ ಗೆರೆಯ ಹತ್ತಿರ ಬಂದು ನಿಲ್ಲುತ್ತದೆ.