ಗಾಜಿನ ಅಂಗಳವೂ ಹೊಗೆಯ ದಾರಿಯೂ

ನಮ್ಮ ಹಿರಿಯರು ಕಟ್ಟಿಸಿದ ತೊಟ್ಟಿಮನೆಗಳನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ನಡುವೆ ಅಂಗಳ, ಸುತ್ತಲೂ ಜಗಲಿ, ಮೇಲೆ ತೆರೆದ ಆಕಾಶ. ಬೆಳಕೂ ಗಾಳಿಯೂ ಮನೆಯೊಳಕ್ಕೆಲ್ಲ ಬರುತ್ತವೆ. ಒಳಗೆ ಎದ್ದ ಹೊಗೆ ಅಂಗಳದ ಮೂಲಕ ಮುಗಿಲಿಗೆ ಹೊರಟುಹೋಗುತ್ತದೆ. ಇಂದಿನ ಬಹು ಅಂತಸ್ತಿನ ಕಚೇರಿಗಳಲ್ಲಿಯೂ ಇಂತಹದೇ ನಡು ಅಂಗಳವುಂಟು. ಅದಕ್ಕೆ ಏಟ್ರಿಯಂ ಎಂದು ಹೆಸರು. ಆದರೆ ಸಾಮಾನ್ಯವಾಗಿ ಅದರ ಮೇಲೆ ಆಕಾಶವಿಲ್ಲ, ಗಾಜಿನ ಮುಚ್ಚಳವಿದೆ. ಈ ಒಂದು ವ್ಯತ್ಯಾಸದಿಂದ ಹುಟ್ಟುವ ಅಪಾಯವನ್ನೂ ಅದರ ಪರಿಹಾರವನ್ನೂ ಇಲ್ಲಿ ವಿಚಾರಿಸೋಣ.

ಇಂತಹ ಕಟ್ಟಡಗಳ ಆಕರ್ಷಣೆ ಸುಳ್ಳಲ್ಲ. ನ್ಯೂಯಾರ್ಕ್ ನಗರದಲ್ಲಿ 1967ರಲ್ಲಿ ಸಿದ್ಧವಾದ ಫೋರ್ಡ್ ಪ್ರತಿಷ್ಠಾನದ ಹನ್ನೆರಡು ಅಂತಸ್ತಿನ ಕಚೇರಿಯ ಒಡಲಲ್ಲಿ ಒಂದು ತೋಟವೇ ಇದೆ. ಮೇಜಿನ ಮುಂದೆ ಕುಳಿತವರಿಗೆ ಹಸುರೂ ಹಗಲಿನ ಬೆಳಕೂ ಕಾಣುತ್ತವೆ. ಎದುರಿನ ಸಹೋದ್ಯೋಗಿಗಳೂ ಕಣ್ಣಿಗೆ ಬೀಳುತ್ತಾರೆ.

ಆದರೆ ಗೋಡೆಯು ನೋಟವನ್ನು ಮಾತ್ರ ತಡೆಯುವುದಿಲ್ಲ. ಬೆಂಕಿಯನ್ನೂ ಹೊಗೆಯನ್ನೂ ತಡೆಯುತ್ತದೆ. ಅಗ್ನಿ ಅನಾಹುತಗಳಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರು ಬೇಗನೆ ಎಚ್ಚರ ತಪ್ಪುವರು. ಬಿಸಿ ಹೊಗೆ ಹಗುರಾದುದರಿಂದ ಮೇಲೇರುತ್ತದೆ, ಗಾಜಿನ ಮುಚ್ಚಳಕ್ಕೆ ತಾಗಿ ಹರಡಿ ಕ್ರಮೇಣ ಕೆಳಗಿಳಿಯುತ್ತದೆ. ಬೆಂಕಿ ನೆಲದ ಅಂತಸ್ತಿನಲ್ಲಿದ್ದರೂ ಮೇಲಿನ ಅಂತಸ್ತಿನವರಿಗೇ ಮೊದಲು ಉಸಿರು ಕಟ್ಟಬಹುದು!

ಹೊಗೆಯ ದಾರಿ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ವಿದ್ಯುತ್ ತಂತಿಗಳು ಅಂತಸ್ತಿನಿಂದ ಅಂತಸ್ತಿಗೆ ಏರುವ ಕಂಡಿಯೂ ಹೊಗೆಗೆ ಸಾಕು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಹೊಗೆ ಇಂತಹ ಕಂಡಿಯ ಮೂಲಕ ಏರಿ ಕಚೇರಿಗಳನ್ನು ತುಂಬಿತು. ಜನರು ಕಿಟಕಿಯ ಗಾಜನ್ನು ಒಡೆದರು. ಕೆಲವರು ಕೆಳಕ್ಕೆ ಧುಮುಕಿದರು. ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ತುರ್ತು ದ್ವಾರಗಳಿಗೆ ಬೀಗ ಹಾಕಲಾಗಿತ್ತೆಂದು ಆಗ ವರದಿಯಾಯಿತು.

ಹಾಗಾದರೆ ತೆರೆದ ಕಟ್ಟಡಗಳೇ ಬೇಡವೆ? ಹಾಗಲ್ಲ. ಗೋಡೆಯನ್ನು ತೆಗೆದವನು ಗೋಡೆಯ ಕೆಲಸವನ್ನು ಮತ್ತೊಂದಕ್ಕೆ ಒಪ್ಪಿಸಬೇಕು. ಕಚೇರಿಯ ಮಾಡಿನಲ್ಲಿ ಸ್ಪ್ರಿಂಕ್ಲರ್ ಎಂಬ ನೀರಿನ ನಳಿಗೆಗಳನ್ನು ಅಳವಡಿಸುತ್ತಾರೆ. ನಳಿಗೆಯ ಬಾಯಲ್ಲಿರುವ ಕೆಂಪು ದ್ರವದ ಗಾಜಿನ ಗುಳಿಗೆ ಸುಮಾರು 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆದು ನೀರು ಸುರಿಯುತ್ತದೆ. ಎಲ್ಲ ನಳಿಗೆಗಳೂ ಒಮ್ಮೆಗೇ ತೆರೆಯುವುದಿಲ್ಲ. ಶಾಖ ತಗಲಿದವು ಮಾತ್ರ ತೆರೆಯುತ್ತವೆ. ಆದರೆ ಎತ್ತರವಾದ ಏಟ್ರಿಯಂನಲ್ಲಿ ಹೊಗೆ ಏರುತ್ತ ಏರುತ್ತ ಸುತ್ತಲಿನ ಗಾಳಿಯೊಡನೆ ಬೆರೆತು ತಣ್ಣಗಾಗುವುದರಿಂದ, ತುದಿಯ ನಳಿಗೆ ಸಕಾಲದಲ್ಲಿ ಒಡೆಯದಿರಬಹುದು. ಆದುದರಿಂದ ಅಲ್ಲಿ ಅಡ್ಡಲಾಗಿ ಬೆಳಕಿನ ಕಿರಣವನ್ನು ಹಾಯಿಸುವರು; ಹೊಗೆ ಕಿರಣವನ್ನು ಮಸುಕುಗೊಳಿಸಿದೊಡನೆ ಎಚ್ಚರಿಕೆಯ ಗಂಟೆ ಬಾರಿಸುವುದು. ಮಾಡಿನ ಕಿಂಡಿಗಳು ಅಥವಾ ಫ್ಯಾನುಗಳು ಹೊಗೆಯನ್ನು ಹೊರದೂಡುವುವು. ಕೆಳಗಿನಿಂದ ಹೊಸ ಗಾಳಿ ಒಳಬರುವುದು. ಅಂತಸ್ತುಗಳ ಅಂಚಿನಲ್ಲಿ ಹೊಗೆ ತಡೆಯುವ ಪರದೆಗಳು ತಾವಾಗಿ ಇಳಿಯುವುವು. ಅಂದರೆ ತೊಟ್ಟಿಮನೆಗೆ ಆಕಾಶವು ಬಿಟ್ಟಿಯಾಗಿ ಕೊಟ್ಟುದನ್ನು ಇಲ್ಲಿ ಯಂತ್ರಗಳು ಕೊಡಬೇಕಾಗಿದೆ.

ಮೆಟ್ಟಿಲುಗಳನ್ನು ಮಾತ್ರ ಬಯಲಿಗೆ ಬಿಡಲಾಗದು. ತಪ್ಪಿಸಿಕೊಳ್ಳುವ ಮೆಟ್ಟಿಲುಗಳಿಗೆ ಸುತ್ತಲೂ ಗೋಡೆಯಿರಬೇಕು. ಅವುಗಳ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು; ಅದಕ್ಕೆ ಬೀಗವಿರಬಾರದು. ಕಳ್ಳರ ಭಯದಿಂದ ಹಾಕಿದ ಬೀಗ, ಗಾಳಿಗಾಗಿ ಬಾಗಿಲಿಗೆ ಕೊಟ್ಟ ಆನಿಕೆ, ಮೆಟ್ಟಿಲ ಮೇಲೆ ಪೇರಿಸಿದ ಪೆಟ್ಟಿಗೆ, ಇವು ಎಂತಹ ಶಿಲ್ಪಿಯ ಜಾಣ್ಮೆಯನ್ನೂ ವ್ಯರ್ಥಮಾಡುತ್ತವೆ.

ವಿದ್ಯಾರ್ಥಿಗಳೇ, ದೊಡ್ಡ ಕಟ್ಟಡವನ್ನು ಹೊಕ್ಕಾಗ ಅದರ ಸೊಬಗನ್ನು ಅವಶ್ಯವಾಗಿ ನೋಡಿರಿ. ಜೊತೆಗೆ ಹೊರಹೋಗುವ ಎರಡನೆಯ ದಾರಿ ಎಲ್ಲಿದೆಯೆಂಬುದನ್ನೂ ನೋಡಿಕೊಳ್ಳಿರಿ. ಬೆಂಕಿಯೆಂದು ಕೂಗು ಕೇಳಿದರೆ ಲಿಫ್ಟ್ ಹತ್ತಬೇಡಿರಿ. ಹೊಗೆಯಿದ್ದರೆ ಬಾಗಿ ನಡೆಯಿರಿ. ತಂದೆತಾಯಂದಿರು ತಾವು ದುಡಿಯುವೆಡೆಯಲ್ಲಿ ಆ ಬಾಗಿಲನ್ನು ಒಮ್ಮೆ ತಳ್ಳಿ ನೋಡಲಿ. ಅದು ತೆರೆಯದಿದ್ದರೆ ಇಂದೇ ಕೇಳಬೇಕು. ಹೊಗೆ ತುಂಬಿದ ಮೇಲೆ ಕೇಳಲು ಸಮಯವಿರದು.