ಮಾರ್ಚ್ 1ರ ಲೆಕ್ಕ

ಫೆಬ್ರುವರಿ ಬಂತೆಂದರೆ ಹೈದರಾಬಾದಿನ ನಮ್ಮ ಕಚೇರಿಯಲ್ಲಿ ರಜೆಯ ಮಾತೇ ಇಲ್ಲ. ಅಮೆರಿಕದ ಆರೋಗ್ಯ ವಿಮಾ ಕಂಪನಿಗಳ ಲೆಕ್ಕಪತ್ರ ಸಿದ್ಧಪಡಿಸುವುದು ನಮ್ಮ ತಂಡದ ಕೆಲಸ. ಕಂಪನಿಯ ಬಳಿ ಸಾಕಷ್ಟು ಬಂಡವಾಳವಿದೆಯೇ ಎಂದು ತೋರಿಸುವ ‘ರಿಸ್ಕ್ ಬೇಸ್ಡ್ ಕ್ಯಾಪಿಟಲ್’ ವರದಿ ಮಾರ್ಚ್ 1ರೊಳಗೆ ಸಲ್ಲಿಕೆಯಾಗಲೇಬೇಕು.

ಅಂಥದೊಂದು ರಾತ್ರಿ ದಾವಣಗೆರೆಯಿಂದ ತಮ್ಮನ ಫೋನು. ‘ಅಕ್ಕಾ, ಅಪ್ಪ–ಅಮ್ಮಂಗೆ ಪಾಲಿಸಿ ಮಾಡಿಸ್ಬೇಕು. ಎರಡು ಕಂಪನಿ ನೋಡಿದೀನಿ. ಪ್ರೀಮಿಯಂ ಕಮ್ಮಿ ಇರೋದನ್ನೇ ತಗೊಳ್ಳಲಾ?’

‘ಆ ಕಂಪನಿ ಹತ್ರ ದುಡ್ಡೆಷ್ಟಿದೆ ನೋಡಿದ್ಯಾ?’ ಎಂದೆ.

‘ಅದನ್ನ ನಾವು ನೋಡೋಕಾಗುತ್ತಾ?’ ಎಂದು ನಕ್ಕ. ಆಗ ನನ್ನ ಕೆಲಸವನ್ನೇ ಅವನಿಗೆ ವಿವರಿಸಬೇಕಾಯಿತು.

ಅಮೆರಿಕದಲ್ಲಿ ವಿಮೆಯ ಉಸ್ತುವಾರಿ ಮುಖ್ಯವಾಗಿ ಆಯಾ ರಾಜ್ಯಗಳದು. 1945ರ ಕಾಯ್ದೆಯೊಂದು ಇದನ್ನು ಗಟ್ಟಿಮಾಡಿತು. ರಾಜ್ಯಗಳ ವಿಮಾ ಕಮಿಷನರ್‌ಗಳ ಒಕ್ಕೂಟ 1998ರಲ್ಲಿ ಆರೋಗ್ಯ ವಿಮಾ ಸಂಸ್ಥೆಗಳಿಗೆಂದೇ ಮಾದರಿ ನಿಯಮ ರೂಪಿಸಿತು. ಎಲ್ಲರಿಗೂ ಒಂದೇ ಮೊತ್ತವಲ್ಲ, ಅಪಾಯ ಹೆಚ್ಚಿದಷ್ಟೂ ಬಂಡವಾಳ ಹೆಚ್ಚಿರಬೇಕು. ಹೂಡಿಕೆ ಮುಳುಗಬಹುದು, ಬರಬೇಕಾದ ಬಾಕಿ ಬಾರದಿರಬಹುದು. ಎಲ್ಲಕ್ಕಿಂತ ದೊಡ್ಡ ಭಯವೆಂದರೆ, ಆಸ್ಪತ್ರೆ ಬಿಲ್ಲುಗಳು ಅಂದಾಜನ್ನು ಮೀರುವುದು.

ಸೂತ್ರದ ಪ್ರಕಾರ ಬರುವ ಮೂಲ ಮಟ್ಟವನ್ನು ನೂರು ಎಂದುಕೊಳ್ಳಿ. ಕಂಪನಿಯ ಬಂಡವಾಳ ಅದರ ಶೇ 200ಕ್ಕಿಂತ ಕೆಳಗಿಳಿದರೆ, ಸುಧಾರಣೆಯ ಯೋಜನೆಯನ್ನು 45 ದಿನಗಳೊಳಗೆ ಕೊಡಬೇಕು. ಶೇ 150ಕ್ಕಿಂತ ಇಳಿದರೆ ನಿಯಂತ್ರಕರೇ ತಪಾಸಣೆ ಮಾಡಿ ಆದೇಶ ಕೊಡುತ್ತಾರೆ. ಶೇ 100ಕ್ಕಿಂತ ಕೆಳಗೆ ಹೋದರೆ ಕಂಪನಿಯನ್ನು ವಶಕ್ಕೆ ಪಡೆಯಬಹುದು. ಶೇ 70ಕ್ಕಿಂತ ಕೆಳಗಾದರೆ ವಶಕ್ಕೆ ಪಡೆಯುವುದೇ ನಿಯಮ. ಮನೆಗೆ ಬೆಂಕಿ ಬೀಳುವ ಮೊದಲೇ ಹೊಗೆ ಕಾಣಲಿ ಎಂಬುದು ಈ ಮೆಟ್ಟಿಲುಗಳ ಉದ್ದೇಶ. ಇನ್ನೊಂದು ಸೂಕ್ಷ್ಮವಿದೆ: ಈ ಅನುಪಾತವನ್ನು ಕಂಪನಿಗಳು ಜಾಹೀರಾತಿನಲ್ಲಿ ಬಳಸುವಂತಿಲ್ಲ. ಇದು ಎಚ್ಚರಿಕೆಯ ಗಂಟೆಯೇ ಹೊರತು ಅಂಕಪಟ್ಟಿಯಲ್ಲ.

ಗಂಟೆ ಇದ್ದರೂ ಅನಾಹುತ ಆಗುವುದುಂಟು. ನ್ಯೂಯಾರ್ಕಿನ ‘ಹೆಲ್ತ್ ರಿಪಬ್ಲಿಕ್’ ಕಡಿಮೆ ಪ್ರೀಮಿಯಂನಿಂದ ಬೇಗ ಬೆಳೆದ ಸಂಸ್ಥೆ. ನಷ್ಟ ಹೆಚ್ಚಿ 2015ರಲ್ಲಿ ನಿಯಂತ್ರಕರು ಅದನ್ನು ಮುಚ್ಚಿಸಿದರು. 2 ಲಕ್ಷಕ್ಕೂ ಹೆಚ್ಚು ಸದಸ್ಯರು ಬೇರೆ ವಿಮೆ ಹುಡುಕಬೇಕಾಯಿತು. ಆಸ್ಪತ್ರೆ, ವೈದ್ಯರ ದೊಡ್ಡ ಮೊತ್ತದ ಬಿಲ್ಲುಗಳು ಬಾಕಿ ಉಳಿದವು.

‘ಅದು ಅಮೆರಿಕದ ಕಥೆ. ನಮಗೇನು?’ ಎಂದ ತಮ್ಮ.

ನಮ್ಮ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಇರುವುದೂ ಇದೇ ಹೈದರಾಬಾದಿನಲ್ಲಿ. ಇಲ್ಲಿ ರಾಜ್ಯಕ್ಕೊಂದು ನಿಯಮವಿಲ್ಲ, ಇಡೀ ದೇಶಕ್ಕೆ ಒಂದೇ. ಸಾಲ್ವೆನ್ಸಿ ಅನುಪಾತ ಕನಿಷ್ಠ 1.5 ಇರಬೇಕು. ಅಂದರೆ, ನಿಯಮದಂತೆ 100 ರೂಪಾಯಿ ಬೇಕಿದ್ದಲ್ಲಿ 150 ರೂಪಾಯಿ ಇರಬೇಕು. ಪ್ರತಿ ತ್ರೈಮಾಸಿಕದ ಅಂಕಿ ಕಂಪನಿಯ ವೆಬ್‌ಸೈಟಿನಲ್ಲಿ ‘ಪಬ್ಲಿಕ್ ಡಿಸ್‌ಕ್ಲೋಷರ್ಸ್’ ಅಡಿ ಸಿಗುತ್ತದೆ. ಯಾರು ಬೇಕಾದರೂ ನೋಡಬಹುದು.

ಮರುದಿನ ತಮ್ಮ ನೋಡಿದ. ಅಗ್ಗದ ಕಂಪನಿಯದು 1.5ರ ಅಂಚಿನಲ್ಲಿತ್ತು, ಮೂರು ತ್ರೈಮಾಸಿಕಗಳಿಂದ ಇಳಿಯುತ್ತಲೇ ಇತ್ತು. ಇನ್ನೊಂದರದು 2ರ ಮೇಲೆ. ಇದೊಂದನ್ನೇ ನೋಡಿದರೆ ಸಾಲದು. ಕ್ಲೇಮು ಎಷ್ಟು ಸಲೀಸಾಗಿ ಕೊಡುತ್ತಾರೆ, ಊರಿನ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂಬುದೂ ಮುಖ್ಯ. ಆದರೆ ಅಪ್ಪನಿಗೆ ಎಪ್ಪತ್ತು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ಕಂಪನಿಯೇ ಎಡವಿದರೆ ಈ ವಯಸ್ಸಿನಲ್ಲಿ ಹೊಸ ಪಾಲಿಸಿ ಹುಡುಕಿಕೊಂಡು ಅಲೆಯುವುದು ಯಾರು?

ಸ್ವಲ್ಪ ಹೆಚ್ಚು ಕೊಟ್ಟು ಎರಡನೆಯದನ್ನೇ ಮಾಡಿಸಿದ. ಆಮೇಲೆ ಹೇಳಿದ: ‘ನಿಮ್ಮಕ್ಕ ಏನು ಕೆಲಸ ಮಾಡ್ತಾರೆ ಅಂತ ಯಾರಾದ್ರೂ ಕೇಳಿದ್ರೆ, ಏನೋ ಕಂಪ್ಯೂಟರ್ ಕೆಲಸ ಅಂತಿದ್ದೆ. ಇನ್ಮೇಲೆ ಸರಿಯಾಗಿ ಹೇಳ್ತೀನಿ.’